ಹಲಗೆ ಸ್ಪೀಕರಿಗೆ ವಾಲ್ವ್ ಆಂಪ್ಲಿಫೈಯರ್ ಹೊಂದಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಪತ್ರಿಕೆ ನೋಡಲು ಬರುವ ಸದಸ್ಯರೊಬ್ಬರು ಮಳೆಗಾಲಕ್ಕೆ ಮುಂಚೆ ತಮ್ಮ ಸಂಕಟವೊಂದನ್ನು ನಮ್ಮೆದುರು ತೋಡಿಕೊಂಡರು. ಇವರು ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರು. ಧಾರವಾಡದ ಕಡೆಯವರಾದುದರಿಂದ ಗಾಯನವೆಂದರೆ ಊಟ ಬಿಟ್ಟಾರು. ಅವರ ಹಳೆಯ ಯಜಮಾನರು ಮನೆ ಖಾಲಿ ಮಾಡುವಾಗ ಒಂದು ಜೊತೆ ಇಂಗ್ಲಿಷ್ ಸ್ಪೀಕರುಗಳನ್ನು ಇವರಿಗೆ ಕೊಟ್ಟುಬಿಟ್ಟರು. ನೋಡಿದರೆ ಅವು ಸ್ಪೀಕರಿನ ಹಾಗೇ ಇಲ್ಲ. ಚಳಿ ದೇಶದವರು ಕೊಠಡಿ ಬೆಚ್ಚಗಾಗಿಸಲು ಇಡುವ ವಿದ್ಯುತ್ ಒಲೆಯ ಹಾಗೆ ಅಗಲವಾಗಿ, ತೆಳ್ಳಗೆ, ಎದುರಿಗೆ ಕಂಚಿನ ಬಣ್ಣದ ಬಾಗಿದ ಜಾಲರಿ, ಕೆಳಗೆ ಚಿಕ್ಕ ಮರದ ಕಾಲುಗಳು. ಇವಕ್ಕೆ ವಾಲ್ವ್ ಆಂಪ್ಲಿಫೈಯರೇ ಸರಿ ಎಂದು ಯಾರೋ ಹೇಳಿದರು. ಭವಿಷ್ಯ ನಿಧಿಯ ಹಣದಿಂದ ಇವರು ಒಂದು ಅಂಗಡಿಯಲ್ಲಿ 8 ವಾಟಿನ ಸಣ್ಣ ವಾಲ್ವ್ ಆಂಪ್ಲಿಫೈಯರ್ ಕೊಂಡರು. ‘ವಾಲ್ವ್ ಅಂದ ಮೇಲೆ ಯಾವುದಾದರೂ ಆದೀತು’ ಎಂದು ಅಂಗಡಿಯವರ ಭರವಸೆ.

ಮನೆಗೆ ತಂದು ಹಚ್ಚಿದರೆ ಕಂಠವೇನೋ ಎದುರಿಗೆ ಕುಳಿತು ಹಾಡಿದಂತೆ ಬಂತು. ಆದರೆ ತಂಬೂರಿಯ ಝೇಂಕಾರದ ಮೇಲಿನ ಹೊಳಪು ಮಾಯವಾಗಿತ್ತು, ಕಂಬಳಿ ಹೊದಿಸಿದ ಹಾಗೆ. ತಬಲದ ಮೇಲೆ ಜೋರಾದ ಪೆಟ್ಟು ಬಿದ್ದಾಗ ಧ್ವನಿ ಹರಿದುಹೋಗುತ್ತಿತ್ತು. ಮತ್ತೆ ಅಂಗಡಿಗೆ ಹೋದರೆ, ‘8 ವಾಟು ಸಾಲದು, ಇದನ್ನು ಕೊಟ್ಟು ಮೇಲೆ ಹಣ ಹಾಕಿ 100 ವಾಟಿನದು ಒಯ್ಯಿರಿ’ ಎಂದರಂತೆ. ಒಯ್ಯಲೇ ಬೇಡವೇ ಎಂಬುದು ಅವರ ಪ್ರಶ್ನೆ.

ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು, ಓದಿದ್ದು ಮೆಟ್ರಿಕ್. ಆದರೂ ವಾಚನಾಲಯದ ಪುಸ್ತಕಗಳನ್ನು ತಿರುವಿ, ಹಳೆಯ ರೇಡಿಯೋ ರಿಪೇರಿಯವರೊಬ್ಬರನ್ನು ಕೇಳಿ, ಮೂರು ರವಿವಾರ ಕುಳಿತು ತಿಳಿದುಕೊಂಡೆವು. ಇತರರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಾಮಾನ್ಯ ಸ್ಪೀಕರಿನಲ್ಲಿ ಕಾಗದದ ಶಂಕು, ಅದರ ಬುಡದಲ್ಲಿ ತಂತಿಯ ಸುರುಳಿ, ಸುತ್ತಲೂ ಮರದ ಪೆಟ್ಟಿಗೆ ಇರುವುದನ್ನು ಎಲ್ಲರೂ ಕಂಡಿದ್ದೇವೆ. ಹಲಗೆ ಸ್ಪೀಕರಿಗೆ ಪೆಟ್ಟಿಗೆಯಿಲ್ಲ, ಶಂಕುವಿಲ್ಲ. ಚೌಕಟ್ಟಿಗೆ ಬಿಗಿದ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಅಷ್ಟಗಲಕ್ಕೂ ಕಂಪಿಸಿ ಗಾಳಿಯನ್ನು ನೂಕುತ್ತದೆ. ಹಾಳೆ ಬಹಳ ಹಗುರವಾದುದರಿಂದ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ಪೆಟ್ಟಿಗೆಯ ಗುಂಯ್‌ಗುಟ್ಟುವಿಕೆಯೂ ಇಲ್ಲ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವೋ ಮಲ್ಲಿಕಾರ್ಜುನ ಮನಸೂರರ ತಾನುಗಳೋ ಇದರಲ್ಲಿ ಕೇಳಿಬರುವ ಸ್ಪಷ್ಟತೆಗೆ ಕಾರಣ ಇದೇ.

ಇಂಥ ಹಲಗೆಗಳಲ್ಲಿ ಎರಡು ಜಾತಿ. ಜೋಡಿ ಕೂಡಿಸುವಾಗ ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಹಣ ಹಾಳಾಗುವುದು.

ಮೊದಲನೆಯದು ಸ್ಥಿರವಿದ್ಯುತ್ತಿನ ಹಲಗೆ. ಬಾಚಣಿಗೆಯಿಂದ ತಲೆ ಬಾಚಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಅಂಟಿಕೊಳ್ಳುವುದಿಲ್ಲವೇ, ಅದೇ ಶಕ್ತಿ. ಹಾಳೆಗೆ ಸಾವಿರಾರು ವೋಲ್ಟಿನ ವಿದ್ಯುತ್ತನ್ನು ಏರಿಸಿ, ಅದರ ಎರಡೂ ಬದಿಗೆ ತೂತಿನ ತಗಡುಗಳನ್ನು ನಿಲ್ಲಿಸುತ್ತಾರೆ. ಸಂಗೀತದ ವಿದ್ಯುತ್ತು ಸ್ಪೀಕರಿನೊಳಗಿನ ಟ್ರಾನ್ಸ್‌ಫಾರ್ಮರಿನಿಂದ ಹೆಚ್ಚಾಗಿ ಈ ತಗಡುಗಳಿಗೆ ಹೋದಾಗ ಹಾಳೆ ಆಚೆಗೀಚೆಗೆ ಎಳೆಯಲ್ಪಡುತ್ತದೆ. ಪೂರ್ಣ ಶ್ರೇಣಿಯ ಇಂಥ ಸ್ಪೀಕರನ್ನು ಮನೆಮನೆಗೆ ತಂದವರಲ್ಲಿ ಇಂಗ್ಲೆಂಡಿನ ಹಂಟಿಂಗ್‌ಡನ್ ಊರಿನ ಪೀಟರ್ ವಾಕರ್ ಮುಖ್ಯರು. ಅವರ ಕ್ವಾಡ್ ಹಲಗೆ 1957ರಲ್ಲಿ ಮಾರಾಟಕ್ಕೆ ಬಂತು. ನಮ್ಮ ಸದಸ್ಯರ ಜೊತೆ ಇದೇ. ಇದರ ಮಂದ್ರದ ಹಾಳೆಗಳಿಗೆ ಸುಮಾರು 6,000 ವೋಲ್ಟು, ತಾರದ ಹಾಳೆಗೆ ಸುಮಾರು 1,500 ವೋಲ್ಟು ಬೇಕಾಗುವುದರಿಂದ ಸ್ಪೀಕರನ್ನೇ ಗೋಡೆಯ ಪ್ಲಗ್ಗಿಗೆ ಹಚ್ಚಬೇಕಾಗುತ್ತದೆ.

ಎರಡನೆಯದು ಅಯಸ್ಕಾಂತದ ಹಲಗೆ. ಇಲ್ಲಿ ಹಾಳೆಯ ಮೇಲೆ ಅಲ್ಯೂಮಿನಿಯಮ್ ತಂತಿಯನ್ನು ಉದ್ದುದ್ದಕ್ಕೆ ಅಂಟಿಸಿ, ಎದುರಿಗೆ ಅಯಸ್ಕಾಂತದ ಪಟ್ಟಿಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಹಾಳೆ ಅಲುಗುತ್ತದೆ. ಗೋಡೆಯ ಪ್ಲಗ್ಗು ಬೇಡ. ಇದನ್ನು ಬಳಕೆಗೆ ತಂದವರು ಅಮೆರಿಕೆಯ ಮಿನೆಸೋಟ ರಾಜ್ಯದ ಜಿಮ್ ವೈನಿ ಎಂಬ ಎಂಜಿನಿಯರು. 1969ರಲ್ಲಿ ಅವರು ಸ್ಥಾಪಿಸಿದ ಮ್ಯಾಗ್ನೆಪ್ಯಾನ್ ಕಂಪನಿಯ ಹಲಗೆಗಳು ಬಾಗಿಲಿನಷ್ಟು ಎತ್ತರದವೂ ಉಂಟು.

ಇನ್ನು ವಾಲ್ವಿನ ಕಡೆ ಬರೋಣ. ವಾಲ್ವ್ ಎಂದರೆ ಹಳೆಯ ರೇಡಿಯೋದಲ್ಲಿ ಕೆಂಪಗೆ ಬೆಳಗುತ್ತಿದ್ದ ಗಾಜಿನ ಬುರುಡೆ. ಅದರ ಸ್ವಭಾವ ವಿಚಿತ್ರ. ವೋಲ್ಟು ನೂರುಗಟ್ಟಲೆ, ಆದರೆ ಹರಿಯುವ ವಿದ್ಯುತ್ತು ಅತ್ಯಲ್ಪ. ಸ್ಪೀಕರಿಗೆ ಬೇಕಾದುದು ಇದರ ತಿರುಗಮುರುಗ, ಅಂದರೆ ಕಡಮೆ ವೋಲ್ಟು, ಹೆಚ್ಚು ಹರಿವು. ಗಿರಣಿಯಲ್ಲಿ ಭರ್ರನೆ ತಿರುಗುವ ಮೋಟಾರಿನ ಚಿಕ್ಕ ಗಾಲಿಯಿಂದ ಪಟ್ಟಿ ಹಾಕಿ ದೊಡ್ಡ ಗಾಲಿಯನ್ನು ನಿಧಾನವಾಗಿ, ಆದರೆ ಬಲವಾಗಿ ತಿರುಗಿಸುವುದುಂಟಷ್ಟೆ. ವಾಲ್ವಿಗೂ ಸ್ಪೀಕರಿಗೂ ನಡುವೆ ಆ ಪಟ್ಟಿಯ ಕೆಲಸ ಮಾಡುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆಂಪ್ಲಿಫೈಯರಿನಲ್ಲಿ ಅತಿ ಭಾರವಾದ, ಅತಿ ಬೆಲೆಬಾಳುವ ಭಾಗ ಅದು.

ಸ್ಪೀಕರು ವಿದ್ಯುತ್ತಿಗೆ ಒಡ್ಡುವ ಅಡ್ಡಿಯನ್ನು ನಾವು ‘ತಡೆ’ ಎಂದು ಕರೆಯೋಣ. ಅದರ ಅಳತೆ ಓಮ್. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ಸುತ್ತುಗಳು 20ಕ್ಕೆ 1ರ ಪ್ರಮಾಣದಲ್ಲಿದ್ದರೆ, 16 ಓಮಿನ ಸ್ಪೀಕರು ವಾಲ್ವಿನ ಕಣ್ಣಿಗೆ 20 ಗುಣಿಸು 20, ಅಂದರೆ 400 ಪಟ್ಟು ದೊಡ್ಡದಾಗಿ, 6,400 ಓಮ್ ಆಗಿ ಕಾಣುವುದು. ಅದೇ ವಾಲ್ವಿಗೆ 4 ಓಮಿನ ಸ್ಪೀಕರು ಹಚ್ಚಬೇಕಾದರೆ 40ಕ್ಕೆ 1ರ ಸುತ್ತು ಬೇಕು. 4 ಗುಣಿಸು 1,600, ಮತ್ತೆ 6,400. ಆಂಪ್ಲಿಫೈಯರಿನ ಹಿಂಬದಿ 4, 8, 16 ಎಂದು ಬರೆದ ತಿರುಪುಗಳಿರುವುದು ಇದಕ್ಕೇ. ಇವು ಬೇರೆ ಬೇರೆ ಸ್ಪೀಕರುಗಳಿಗೆ ಬೇರೆ ಬೇರೆ ಗಾಲಿಗಳು. 4 ಓಮಿನ ಸ್ಪೀಕರನ್ನು 16ರ ತಿರುಪಿಗೆ ಹಚ್ಚಿದರೆ ವಾಲ್ವು ಏದುಸಿರು ಬಿಡುತ್ತದೆ, ಧ್ವನಿ ಕೆಡುತ್ತದೆ. 16ರದನ್ನು 4ರ ತಿರುಪಿಗೆ ಹಚ್ಚಿದರೆ ಜೋರು ಕಡಮೆಯಾಗುತ್ತದೆ, ಆದರೆ ಅಷ್ಟೇನೂ ಕೆಡುಕಿಲ್ಲ. ಈ ಎರಡನೆಯ ಮಾತನ್ನು ನೆನಪಿಡಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ಈಗ ವಿಷಯದ ತಿರುಳು. ಸ್ಪೀಕರಿನ ಹಿಂದೆ ಬರೆದಿರುವ ಓಮಿನ ಅಂಕಿ ಹೆಸರಿಗೆ ಮಾತ್ರ. ನಿಜವಾದ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುವುದುಂಟು. ಸ್ಥಿರವಿದ್ಯುತ್ತಿನ ಹಲಗೆ ವಾಸ್ತವದಲ್ಲಿ ಒಂದು ದೊಡ್ಡ ಕೆಪಾಸಿಟರ್. ಕೆಪಾಸಿಟರಿನ ಗುಣವೆಂದರೆ ಕಂಪನದ ವೇಗ ಇಮ್ಮಡಿಯಾದರೆ ತಡೆ ಅರ್ಧವಾಗುವುದು. ಹೀಗಾಗಿ 1957ರ ಕ್ವಾಡ್ ಹೆಸರಿಗೆ 16 ಓಮಿನ ಆಸುಪಾಸಿನದಾದರೂ ಮಂದ್ರದಲ್ಲಿ ಅದಕ್ಕಿಂತ ಮೇಲೇರುತ್ತದೆ, ತಾರಕ್ಕೆ ಹೋದಂತೆ ಇಳಿಯುತ್ತ ಇಳಿಯುತ್ತ ಸೆಕೆಂಡಿಗೆ 18,000 ಕಂಪನಗಳ ಸುಮಾರಿಗೆ 2 ಓಮಿಗೆ ಬಂದು ನಿಲ್ಲುತ್ತದೆ. ಅಯಸ್ಕಾಂತದ ಹಲಗೆ ಹಾಗಲ್ಲ. ಅದು ಉದ್ದವಾದ ನೇರ ತಂತಿಯಷ್ಟೆ, ಇಸ್ತ್ರಿಪೆಟ್ಟಿಗೆಯ ತಂತಿಯ ಹಾಗೆ. ಮ್ಯಾಗ್ನೆಪ್ಯಾನ್ ಹಲಗೆಗಳ ತಡೆ ಮಂದ್ರಕ್ಕೂ ತಾರಕ್ಕೂ ಹೆಚ್ಚು ಕಡಮೆ ಒಂದೇ ಆಗಿ 4 ಓಮಿನ ಹತ್ತಿರ ಇರುತ್ತದೆ.

ಇದರಿಂದ ಕೇಳುವವರಿಗೇನು? ಆಂಪ್ಲಿಫೈಯರಿಗೆ ತನ್ನದೇ ಒಂದು ಒಳತಡೆ ಇರುತ್ತದೆ. ವಾಲ್ವಿನದಕ್ಕೆ ಇದು ತುಸು ಹೆಚ್ಚು. ಒಳತಡೆಯೂ ಸ್ಪೀಕರಿನ ತಡೆಯೂ ವೋಲ್ಟನ್ನು ಅಣ್ಣತಮ್ಮಂದಿರ ಆಸ್ತಿಯಂತೆ ಹಂಚಿಕೊಳ್ಳುತ್ತವೆ. ದೊಡ್ಡ ತಡೆಗೆ ದೊಡ್ಡ ಪಾಲು. ಲೆಕ್ಕ ಮಾಡಿಯೇ ನೋಡೋಣ. ಒಳತಡೆ 4 ಓಮ್ ಇರಲಿ. ಫೀಡ್‌ಬ್ಯಾಕ್ ಇಲ್ಲದ ಒಂಟಿ ವಾಲ್ವಿನ ಆಂಪ್ಲಿಫೈಯರಿನ 16ರ ತಿರುಪಿನಲ್ಲಿ ಅಷ್ಟು ಇದ್ದೀತು. ಹಲಗೆಯ ತಡೆ 20 ಓಮ್ ಇರುವ ಕಡೆ ಸ್ಪೀಕರಿಗೆ ಸಿಗುವುದು 24ರಲ್ಲಿ 20 ಪಾಲು, ಅಂದರೆ ರೂಪಾಯಿಗೆ 83 ಪೈಸೆ. ತಡೆ 2 ಓಮಿಗಿಳಿದ ಕಡೆ ಸಿಗುವುದು 6ರಲ್ಲಿ 2 ಪಾಲು, ಕೇವಲ 33 ಪೈಸೆ. ಧ್ವನಿಯ ಅಳತೆಯಲ್ಲಿ ಇದು ಸುಮಾರು 8 ಡೆಸಿಬೆಲ್ ವ್ಯತ್ಯಾಸ. ತಂಬೂರಿಯ ಹೊಳಪು ಹೋದದ್ದು ಇಲ್ಲಿ. ಹಲಗೆಯೂ ಕೆಟ್ಟಿರಲಿಲ್ಲ, ವಾಲ್ವೂ ಸವೆದಿರಲಿಲ್ಲ. ಹಂಚಿಕೆ ತಪ್ಪಿತ್ತು.

ಅದೇ ಆಂಪ್ಲಿಫೈಯರಿನ 4ರ ತಿರುಪಿನಲ್ಲಿ ಒಳತಡೆ ಕಾಲುಭಾಗ, ಅಂದರೆ 1 ಓಮ್. ಆಗ ಒಂದು ಕಡೆ 21ರಲ್ಲಿ 20, ಇನ್ನೊಂದು ಕಡೆ 3ರಲ್ಲಿ 2. ವ್ಯತ್ಯಾಸ 8ರಿಂದ 3 ಡೆಸಿಬೆಲ್‌ಗೆ ಇಳಿಯಿತು. ರಿಪೇರಿಯವರು ಬಂದು ಮಾಡಿದ್ದು ಇಷ್ಟೆ. ಸ್ವಿಚ್ಚು ಆರಿಸಿ, ತಂತಿಯನ್ನು 16ರಿಂದ ಬಿಚ್ಚಿ 4ಕ್ಕೆ ಕಟ್ಟಿದರು. ಎರಡು ನಿಮಿಷದ ಕೆಲಸ, ಒಂದು ಕಾಸಿನ ಖರ್ಚಿಲ್ಲ. ತಂಬೂರಿಯ ಹೊಳಪು ಬಂತು. ನಮ್ಮ ಸದಸ್ಯರು ಆ ದಿನ ಚಹಾದ ಜೊತೆ ಭಜಿಯನ್ನೂ ತರಿಸಿದರು.

ಆದರೆ ಇದಕ್ಕೆ ಬೆಲೆ ಕೊಡಬೇಕಾಗುತ್ತದೆ. 4ರ ತಿರುಪಿನಲ್ಲಿ ಸಿಗುವ ವೋಲ್ಟು 16ರದರ ಅರ್ಧ. 8 ವಾಟು ಎಂದರೆ 16ರಲ್ಲಿ 11.3 ವೋಲ್ಟು, 4ರಲ್ಲಿ 5.66 ಮಾತ್ರ. ಈ ಹಲಗೆ 2.83 ವೋಲ್ಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್ ಕೊಡುವಂಥದು. ವೋಲ್ಟು ಇಮ್ಮಡಿಯಾದರೆ 6 ಡೆಸಿಬೆಲ್ ಹೆಚ್ಚು, ಅಂದರೆ 92ಕ್ಕೆ ಗಡಿ ಮುಗಿಯಿತು. ರಾತ್ರಿ ಒಬ್ಬರೇ ಕುಳಿತು ಖಯಾಲ್ ಕೇಳಲು ಇದು ಸಾಕು. ತಬಲ ಜೋರಾದರೆ ಸಾಲದು. ಗೋಡೆಗೆ ಗೋಡೆ ಅಂಟಿದ ಚಾಳಿನಲ್ಲಿ ಅದಕ್ಕಿಂತ ಜೋರು ಮಾಡಿದರೆ ನೆರೆಯವರೇ ಬಂದು ಗಡಿ ಹೇಳುತ್ತಾರೆ, ಅದು ಬೇರೆ ಮಾತು.

ಹಾಗಾದರೆ 100 ವಾಟಿನದು ತಂದರಾಗದೇ? ಆಗದು. ಈ ಹಳೆಯ ಕ್ವಾಡ್ ಹಲಗೆ ತಾಳಿಕೊಳ್ಳುವ ಗರಿಷ್ಠ ವೋಲ್ಟು, ಶಿಖರದ ಲೆಕ್ಕದಲ್ಲಿ, 33. 100 ವಾಟಿನ ಆಂಪ್ಲಿಫೈಯರು 8 ಓಮಿನ ಲೆಕ್ಕದಲ್ಲಿ 28 ವೋಲ್ಟು, ಶಿಖರದಲ್ಲಿ 40 ಕೊಡಬಲ್ಲುದು. ಹುಮ್ಮಸ್ಸಿನಲ್ಲಿ ಗುಂಡಿ ಪೂರ್ತಿ ತಿರುಗಿಸಿದ ದಿನ ಹಾಳೆಗೂ ತಗಡಿಗೂ ನಡುವೆ ಕಿಡಿ ಹಾರಿ ಹಾಳೆ ತೂತಾಗುವುದು. ಅದರ ದುರಸ್ತಿ ಇಲ್ಲಿ ಸುಲಭವಲ್ಲ. ಅಂಗಡಿಯವರ ಮಾತು ಕೇಳಿ ಇನ್ನಷ್ಟು ಭವಿಷ್ಯ ನಿಧಿ ಸುರಿದಿದ್ದರೆ ಸ್ಪೀಕರೂ ಹೋಗುತ್ತಿತ್ತು. ವಾಟು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಮಾರುವವರಿಗೆ ಲಾಭ, ಕೊಳ್ಳುವವರಿಗೆ ಕೆಲವೊಮ್ಮೆ ಮಾತ್ರ. 1981ರಲ್ಲಿ ಬಂದ ಇದೇ ಕಂಪನಿಯ ಇಎಸ್‌ಎಲ್ 63ರಲ್ಲಿ ರಕ್ಷಣೆಯ ಏರ್ಪಾಡು ಇದೆ. 1957ರದಕ್ಕೆ ಅದಿಲ್ಲ.

ವಾಕರ್ ಅವರೇ ಇದಕ್ಕೆ ಯಾವ ಜೋಡಿ ಮಾಡಿದ್ದರು ಎಂಬುದನ್ನು ನೋಡಿದರೆ ದಾರಿ ತಿಳಿಯುತ್ತದೆ. 1953ರಿಂದ ಮಾರಾಟದಲ್ಲಿದ್ದ ಅವರ ಕ್ವಾಡ್ II ಆಂಪ್ಲಿಫೈಯರಿನಲ್ಲಿ ಕೆಟಿ 66 ಎಂಬ ವಾಲ್ವು ಎರಡು, ಶಕ್ತಿ 15 ವಾಟು. 16 ಓಮಿನ ಲೆಕ್ಕದಲ್ಲಿ ಅದರ ಶಿಖರ 22 ವೋಲ್ಟು, 33ಕ್ಕಿಂತ ಒಳಗೇ. ಹಲಗೆಯನ್ನು ಸುಡಬೇಕೆಂದರೂ ಅದರ ಕೈಲಿ ಆಗದು. ಜೊತೆಗೆ ಅದರಲ್ಲಿ ಫೀಡ್‌ಬ್ಯಾಕ್ ಇದೆ. ಹೊರಬಂದ ಧ್ವನಿಯ ಸ್ವಲ್ಪ ಭಾಗವನ್ನು ಹಿಂದಕ್ಕೆ ತಂದು ಒಳಬರುವುದರೊಡನೆ ತಾಳೆ ನೋಡುವ ಏರ್ಪಾಡು ಅದು, ನಾವು ಲೆಡ್ಜರನ್ನು ರೋಜನಾಮೆಯೊಡನೆ ತಾಳೆ ನೋಡುವ ಹಾಗೆ. ಅದರಿಂದ ಒಳತಡೆ ಇಳಿಯುತ್ತದೆ. ಆದರೆ ಇದೂ ಅತಿಯಾದರೆ, ಎದುರಿಗೆ ಕೆಪಾಸಿಟರಿನಂಥ ಹಲಗೆ ಇದ್ದಾಗ, ಆಂಪ್ಲಿಫೈಯರು ನಮಗೆ ಕೇಳದಷ್ಟು ಎತ್ತರದ ಸ್ವರದಲ್ಲಿ ತಾನೇ ಹಾಡತೊಡಗುವುದುಂಟು. ಕಿವಿಗೆ ಏನೂ ತಿಳಿಯದು, ವಾಲ್ವು ಮಾತ್ರ ಕಾದು ಸವೆಯುತ್ತದೆ. ಆದುದರಿಂದ ಕೊಳ್ಳುವಾಗ ‘ಸ್ಥಿರವಿದ್ಯುತ್ ಹಲಗೆಗೆ ಹಚ್ಚಿ ಪರೀಕ್ಷಿಸಿದ್ದೀರಾ’ ಎಂದು ಬಾಯಿಬಿಟ್ಟು ಕೇಳಬೇಕು.

ನಮ್ಮ ಕಡೆ ಇಎಲ್ 84 ಎಂಬ ಚಿಕ್ಕ ವಾಲ್ವು ಎರಡನ್ನು ಕೂಡಿಸಿ ಮಾಡಿದ 10-15 ವಾಟಿನ ಆಂಪ್ಲಿಫೈಯರುಗಳು ಸಿಗುವುದುಂಟು. ಟ್ರಾನ್ಸ್‌ಫಾರ್ಮರು ಒಳ್ಳೆಯದಿದ್ದರೆ ಈ ಜಾತಿಯ ಹಲಗೆಗೆ ಅವೂ ಹೊಂದುತ್ತವೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತ್ತು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಮದರಾಸಿನ ರಿಚಿ ಸ್ಟ್ರೀಟುಗಳಲ್ಲಿ ಹುಡುಕಿದರೆ ನಮ್ಮೂರ ಮುದ್ರೆಯ ಬುರುಡೆಯೊಂದು ಕೈಗೆ ಬಂದರೂ ಬಂದೀತು.

ಅಯಸ್ಕಾಂತದ ಹಲಗೆಯ ಲೆಕ್ಕ ಬೇರೆ. ತಡೆ ಒಂದೇ ಸಮನಾಗಿರುವುದರಿಂದ ಒಳತಡೆಯ ಭಯವಿಲ್ಲ. ಒಳತಡೆ 1 ಓಮ್ ಇದ್ದರೆ ಎಲ್ಲ ಸ್ವರಕ್ಕೂ 5ರಲ್ಲಿ 4 ಪಾಲು. ಮಂದ್ರಕ್ಕೂ ಅಷ್ಟೇ, ತಾರಕ್ಕೂ ಅಷ್ಟೇ. ಹೊಳಪು ಕೆಡುವುದಿಲ್ಲ. ವಾಲ್ವಿನವರಿಗೆ ಇದು ಸೌಮ್ಯ ಸ್ವಭಾವದ ಸ್ಪೀಕರು. 4ರ ತಿರುಪಿಗೆ ಕಟ್ಟಿದರೆ ಮುಗಿಯಿತು. ಆದರೆ ಇದರ ಹಸಿವು ದೊಡ್ಡದು. 2019ರಲ್ಲಿ ಬಂದ ಅವರ ಚಿಕ್ಕ ಹಲಗೆಗೆ 2.83 ವೋಲ್ಟಿಗೆ 86 ಡೆಸಿಬೆಲ್ ಎಂದು ಬರೆದಿರುತ್ತಾರೆ. 4 ಓಮಿಗೆ 2.83 ವೋಲ್ಟೆಂದರೆ 2 ವಾಟು. ಅಂದರೆ ಒಂದು ವಾಟಿಗೆ 83 ಮಾತ್ರ. ಒಂದು ಡೆಸಿಬೆಲ್ಲನ್ನೂ ಸುಳ್ಳು ಹೇಳದೆ ಮೂರನ್ನು ಮರೆಸುವ ಜಾಣತನ ಇದು. 8 ವಾಟಿನಿಂದ 92 ದಾಟುವುದಿಲ್ಲ. 50 ವಾಟು ಹಾಕಿದರೆ 100. ಇಎಲ್ 34 ಅಥವಾ ಕೆಟಿ 88 ವಾಲ್ವುಗಳ ಜೋಡಿಯಿಂದ ಒಂದು ಬದಿಗೆ 35-50 ವಾಟು ಹೊರಡಿಸಬಹುದು. ಚಿಕ್ಕ ಕೊಠಡಿಗೆ ಅದಕ್ಕಿಂತ ಕಡಮೆ ಇಟ್ಟುಕೊಂಡು ಕೊಳ್ಳಬೇಡಿರಿ. ಈ ಜೋಡಿಗೂ ಹಳೆಯ ಸಂಬಂಧವಿದೆ. ಅದೇ ಮಿನೆಸೋಟದಲ್ಲಿ 1970ರಲ್ಲಿ ವಿಲಿಯಂ ಜಾನ್ಸನ್ ಎಂಬವರು ಆರಂಭಿಸಿದ ಆಡಿಯೋ ರಿಸರ್ಚ್ ಎಂಬ ವಾಲ್ವ್ ಆಂಪ್ಲಿಫೈಯರಿನ ಕಂಪನಿಯೇ ಮೊದಮೊದಲು ವೈನಿಯವರ ಹಲಗೆಗಳನ್ನು ತನ್ನ ಆಂಪ್ಲಿಫೈಯರುಗಳೊಡನೆ ಮಾರಿತು.

ವಿದ್ಯುತ್ತಿನ ಖರ್ಚನ್ನೂ ಗುಮಾಸ್ತರಾದ ನಾವು ಲೆಕ್ಕಕ್ಕೆ ಹಿಡಿಯಲೇಬೇಕು. ಇಎಲ್ 34ರ ಒಳಗಿನ ಕಾವಿನ ತಂತಿಯೊಂದೇ 6.3 ವೋಲ್ಟಿನಲ್ಲಿ ಒಂದೂವರೆ ಆಂಪಿಯರ್, ಅಂದರೆ ಒಂಬತ್ತೂವರೆ ವಾಟು ನುಂಗುತ್ತದೆ. ಹಾಡಿದರೂ ನುಂಗುತ್ತದೆ, ಸುಮ್ಮನಿದ್ದರೂ ನುಂಗುತ್ತದೆ. ಇಡೀ ಆಂಪ್ಲಿಫೈಯರಿಗೆ 150 ವಾಟೆಂದು ಹಿಡಿದು ದಿನಕ್ಕೆ ನಾಲ್ಕು ಗಂಟೆ ಕೇಳಿದರೆ ತಿಂಗಳಿಗೆ 18 ಯೂನಿಟ್. ಬೇಸಿಗೆಯ ಸೆಕೆ ಮೇಲಿನ ಲಾಭ.

ಜಾಗ್ರತೆಯ ಮಾತುಗಳು ಕೆಲವುಂಟು. ಹಗುರಾಗಿ ತೆಗೆದುಕೊಳ್ಳಕೂಡದು. ಸ್ಪೀಕರಿನ ತಂತಿ ಕಟ್ಟದೆ ವಾಲ್ವ್ ಆಂಪ್ಲಿಫೈಯರಿನಲ್ಲಿ ಹಾಡು ಹಚ್ಚಲೇಕೂಡದು. ಪಟ್ಟಿ ಕಳಚಿದ ಮೋಟಾರಿನಂತೆ ವೋಲ್ಟು ಏರಿ ಟ್ರಾನ್ಸ್‌ಫಾರ್ಮರಿನ ಒಳಹೊದಿಕೆ ಸುಟ್ಟುಹೋಗುತ್ತದೆ. ತಿರುಪು ಬದಲಿಸುವ ಮುಂಚೆ ಸ್ವಿಚ್ಚು ಆರಿಸಿರಬೇಕು. ಒಳಗೆ 400 ವೋಲ್ಟು ಸಾಮಾನ್ಯ, ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ತಳದ ತಗಡನ್ನು ತೆಗೆಯುವ ಕೆಲಸ ಬಲ್ಲವರದೇ. ಕ್ವಾಡ್ ಹಲಗೆಯ ಜಾಲರಿಯ ಹಿಂದೆ 6,000 ವೋಲ್ಟೆಂಬುದನ್ನು ಆಗಲೇ ಹೇಳಿದೆವು. ಮಕ್ಕಳು ಕಡ್ಡಿ ತೂರಿಸದಂತೆ ನೋಡಿಕೊಳ್ಳಬೇಕು. ಹಳೆಯ ಸಾಮಾನು ತಂದಾಗ ಅದು ಎಷ್ಟು ವೋಲ್ಟಿನದೆಂದು ಮೊದಲು ನೋಡಿರಿ. ಅಮೆರಿಕೆಯದು 120 ವೋಲ್ಟಿನದಾಗಿದ್ದರೆ ನಮ್ಮ 230ಕ್ಕೆ ನೇರವಾಗಿ ಹಚ್ಚಿದೊಡನೆ ಹೊಗೆ. ಮ್ಯಾಗ್ನೆಪ್ಯಾನಿನ ಹಿಂದಿರುವ ಫ್ಯೂಜು ಹೋದರೆ ಅದೇ ಅಳತೆಯದನ್ನು ಹಾಕಬೇಕು. ನಾವು ಮನೆಗಳಲ್ಲಿ ಮಾಡುವಂತೆ ತಾಮ್ರದ ತಂತಿ ಸುತ್ತಿ ಕೈತೊಳೆದುಕೊಂಡರೆ ಮುಂದಿನ ಸಲ ಹೋಗುವುದು ಹಾಳೆ.

ಮುಂಬಯಿ, ಮದರಾಸಿನಂಥ ಕಡಲ ಊರುಗಳಲ್ಲಿ ಸ್ಥಿರವಿದ್ಯುತ್ತಿನ ಹಲಗೆಗೆ ಮಳೆಗಾಲ ವೈರಿ. ತೇವದಿಂದ ಹಾಳೆಯ ಮೇಲಿನ ವಿದ್ಯುತ್ತು ಸೋರಿ ಧ್ವನಿ ಕುಗ್ಗುತ್ತದೆ, ಒಮ್ಮೊಮ್ಮೆ ಚಟಚಟ ಸದ್ದು ಬರುತ್ತದೆ. ಧೂಳನ್ನಂತೂ ಅದು ತಾನಾಗಿ ಎಳೆದುಕೊಳ್ಳುತ್ತದೆ. ಕಿಟಕಿಯ ಬಳಿ ಇಡಬಾರದು, ಬಳಸದಾಗ ಬಟ್ಟೆ ಹೊದಿಸಬೇಕು. ಹೊಸದಾಗಿ ಕೊಳ್ಳುವವರು ಕಡಲೂರಿನಲ್ಲಿದ್ದರೆ ಅಯಸ್ಕಾಂತದ ಹಲಗೆಯನ್ನೇ ಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಹೈದರಾಬಾದು, ಪುಣೆ, ದಿಲ್ಲಿಯವರಿಗೆ ಅಷ್ಟು ಭಯವಿಲ್ಲ.

ಕಡೆಯದಾಗಿ ಜಾಗದ ವಿಚಾರ. ಪೆಟ್ಟಿಗೆಯಿಲ್ಲದ್ದರಿಂದ ಹಲಗೆ ಮುಂದಕ್ಕೆಷ್ಟೋ ಹಿಂದಕ್ಕೂ ಅಷ್ಟೇ ಹಾಡುತ್ತದೆ. ಹಿಂದಿನ ಧ್ವನಿ ಗೋಡೆಗೆ ಬಡಿದು ತಕ್ಷಣ ಮರಳಿದರೆ ಎಲ್ಲ ಕಲಸಿಹೋಗುವುದು. ಗೋಡೆಯಿಂದ ಕಡೆಗೆ ಮೂರಡಿಯಾದರೂ ಮುಂದೆ ನಿಲ್ಲಿಸಬೇಕು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಮೂರಡಿ ಬಿಡುವುದೆಂದರೆ ಹುಡುಗಾಟವಲ್ಲ. ನಮ್ಮ ಸದಸ್ಯರು ಅಳತೆಪಟ್ಟಿ ಹಿಡಿದು ನೋಡಿದಾಗ ಎಡಗಡೆಯ ಹಲಗೆ ಸರಿಯಾಗಿ ಮಂಚದ ನಡುವೆ ಬಂತು. ಈಗ ಹಲಗೆಗಳು ಹಗಲೆಲ್ಲ ಗೋಡೆಗೆ ಒತ್ತಿಕೊಂಡಿರುತ್ತವೆ. ರಾತ್ರಿ ಊಟವಾಗಿ ಪಾತ್ರೆ ತೊಳೆದ ಮೇಲೆ ಮಂಚ ಸರಿಸಿ, ನೆಲದ ಮೇಲೆ ಸುಣ್ಣದಿಂದ ಮಾಡಿದ ಎರಡು ಗುರುತಿಗೆ ಅವನ್ನು ತಂದು ನಿಲ್ಲಿಸುತ್ತಾರೆ. 8 ವಾಟಿನ ಆಂಪ್ಲಿಫೈಯರೇ ಇದೆ, 4ರ ತಿರುಪಿನಲ್ಲಿ. ಕಳೆದ ರವಿವಾರ ನಾವು ನಾಲ್ವರು ಹೋಗಿ ಮಂಚದ ಮೇಲೆ ಸಾಲಾಗಿ ಕುಳಿತು ಹನ್ನೊಂದರ ತನಕ ಕೇಳಿದೆವು.